ಈರುಳ್ಳಿ ಸ್ಪರ್ಧೆಯ ಬೆಳ್ಳಿ ಕಪ್

...ಇಲ್ಲಿದೆ ನೋಡಿ, ನನ್ನ ಹಳೇ ಡೈರಿಯಲ್ಲಿ. ಸಾವಿರದ ಒಂಬೈನೂರ ಐವತ್ತೊಂದು, ಮಾರ್ಚ್ ಒಂಬತ್ತು. 'ಹಳೇ ಕುಲುಮೆ ಮನೆಗೆ ಮಿಸ್ ಪೆನ್‌ಫೋಲ್ಡ್ ಅನ್ನೋರು ಬಂದರು. ಪಿಯಾನೋ ಟೀಚರಂತೆ. ಕಿಟಕಿ ಒರೆಸೋ ಮುಂಚೇನೇ ಪರದೆ ನೇತುಹಾಕಿದರು.' ಯಾಕೆ ನಗ್ತೀರಿ? ನೀವು ಬಂದ ದಿನಾನೂ ಬರೆದಿಟ್ಟಿದ್ದೀನಿ ಅಂತಲಾ? ನಾನು ಎಲ್ಲಾನೂ ಬರೆದಿಡ್ತೀನಿ.

ಆಗೆಲ್ಲ ಈ ಊರಲ್ಲಿ ಒಂದು ಕೋಳಿ ಕಳೆದರೂ ಜನ ಈ ಲವೀನಿಯಾ ಕಟೆಲ್ ಬಾಗಿಲು ತಟ್ಟೋರು. ಆಕ್ಸ್‌ಫರ್ಡ್‌ನಲ್ಲಿ ಓದಿದವಳು, ಈಯಮ್ಮನಿಗೆ ತಿಳೀತದೆ ಅಂತ. ಆಮೇಲೆ ನೀವು ಬಂದ್ರಿ. ಚರ್ಚಿನ ಕಾಣಿಕೆ ಪೆಟ್ಟಿಗೆ ಕದ್ದೋನನ್ನ ಹಿಡಿದ್ರಿ. ಅಂಚೆಯಮ್ಮನಿಗೆ ಹೆಸರಿಲ್ಲದ ಕಾಗದ ಬರೀತಿದ್ದೋಳನ್ನೂ ಹಿಡಿದ್ರಿ. ಸ್ವೆಟರ್ ಹೆಣೀತಾ ಹೆಣೀತಾ. ನನ್ನ ಮೊಮ್ಮಗಳು ಆಡ್ರಿ ಉಂಗುರ ಕಳಕೊಂಡಳಲ್ಲ, 'ಅಜ್ಜಿ, ಮಿಸ್ ಪೆನ್‌ಫೋಲ್ಡ್‌ನ ಕೇಳೋಣ್ವಾ' ಅಂದಳು. ನನ್ನ ಮನೇಲಿ, ನನ್ನ ಮೇಜಿನ ಮುಂದೆ ಕೂತು.

ಟೀ ತಗೊಳ್ಳಿ, ಆರಿಹೋಗ್ತದೆ.

ಅದಕ್ಕೇ ಈ ಸಲದ ತರಕಾರಿ ಪ್ರದರ್ಶನದ ವಿಷಯ ನಾನೇ ಹೇಳ್ತೀನಿ, ಕೇಳಿ. ನೀವು ತಂಗಿ ಮನೆಗೆ ಹೋಗಿದ್ರಿ. ಬೆಳಿಗ್ಗೆ ಬೆಳೆಗಾರರೆಲ್ಲ ಈರುಳ್ಳಿ ಜೋಡಿಸಿಟ್ಟು ಗುಡಾರದಿಂದ ಹೊರಗೆ ಹೋದರು. ಒಳಗೆ ತೀರ್ಪುಗಾರರು, ಅವರ ಜೊತೆ ಮೇಲ್ವಿಚಾರಕಿ ನಾನು. ತೀರ್ಪು ಮುಗಿಸಿ ಅವರು ಪಾದ್ರಿಗಳ ಮನೆಗೆ ಊಟಕ್ಕೆ ಹೋದರು. ವಾಪಸು ಬಂದು ನೋಡಿದರೆ ಈರುಳ್ಳಿಯಲ್ಲಿ ಗೆದ್ದೋರಿಗೆ ಕೊಡೋ ಬೆಳ್ಳಿ ಕಪ್ ಇಲ್ಲ. ಗುಡಾರದ ಹಿಂದಿನ ಹಗ್ಗ ಸಡಿಲ. ಪಾದ್ರಿಗಳಿಗೆ ಕೈಕಾಲೇ ಆಡಲಿಲ್ಲ. 'ಅಯ್ಯೋ, ಮಿಸ್ ಪೆನ್‌ಫೋಲ್ಡ್ ಇರಬೇಕಿತ್ತು' ಅಂದರು. ನನ್ನ ಮುಖ ನೋಡ್ಕೊಂಡೇ ಅಂದರು.

ನಾನು ಕೂತು ಯೋಚನೆ ಮಾಡಿದೆ. ದೊಡ್ಡಮನೆ ತೋಟಗಾರ ಸೈಲಸ್ ಹಾಬ್‌ಡೇ ಯಾವ ವರ್ಷವೂ ಈರುಳ್ಳಿಯಲ್ಲಿ ಸೋತವನಲ್ಲ. ಈ ಸಲ ಎರಡನೇ ಬಹುಮಾನ. ಆ ಸಿಟ್ಟಿಗೆ ಕಪ್ ಎತ್ತಿದ್ದಾನೆ ಅಂದೆ. ಪೊಲೀಸಪ್ಪನ್ನ ನೇರ ಅವನ ಶೆಡ್ಡಿಗೆ ಕರ್ಕೊಂಡು ಹೋದೆ. ಗೋಣಿಚೀಲದ ಅಡಿ ಸಿಕ್ಕೇಬಿಡ್ತು. ಹೇಗಿದೆ? ಹೆಣಿಗೆ ಕಡ್ಡಿ ಇಲ್ಲದೇನೇ ಕಂಡುಹಿಡಿದೆ.

ಯಾಕೆ ಟೀ ಕಪ್ ಕೆಳಗಿಟ್ರಿ? ಟೀ ಚೆನ್ನಾಗಿಲ್ವಾ?

ಏನು ನೋಡ್ತಾ ಇದ್ದೀರಿ... ಸೋತಿದ್ದು ಅವನಿಗೆ ಹೇಗೆ ಗೊತ್ತಾಯ್ತು ಅಂತಾನಾ? ಈರುಳ್ಳಿ ಮುಂದಿನ ಹೆಸರಿನ ಚೀಟಿ... ಹೌದು, ತೀರ್ಪು ಮುಗಿಯೋವರೆಗೂ ಚೀಟಿ ಮಗುಚಿಟ್ಟಿರ್ತದೆ. ಅದು ನನಗೆ ಗೊತ್ತಿಲ್ವಾ? ನಿಯಮ ಬರೆದವಳೇ ನಾನು. ಬಹುಮಾನದ ಕಾರ್ಡು ಇಡೋದು ಊಟ ಆದಮೇಲೆ, ಅದೂ ಹೌದು. ಒಳಗೆ ಇಣುಕಿದ್ರೂ ಅವನಿಗೆ ಏನೂ ಕಾಣ್ತಿರಲಿಲ್ಲ... ಯಾರೋ ಹೇಳಿರಬೇಕು. ತೀರ್ಪುಗಾರರೇ... ಇಲ್ಲ, ಅವರು ಪಾದ್ರಿಗಳ ಎದುರಿಗೆ ಕೂತು ಊಟ ಮಾಡ್ತಿದ್ದರು.

ಮಾತಾಡಿ ಮಿಸ್ ಪೆನ್‌ಫೋಲ್ಡ್. ಬೇರೆ ದಿನ ಎಷ್ಟು ಮಾತಾಡ್ತೀರಿ.

ಹಾಗೆ ನೋಡಬೇಡಿ. ನನ್ನ ಗಂಡ ಸಾಯೋವಾಗ ಪಕ್ಕದಲ್ಲಿ ಕೂತಿದ್ದ ನರ್ಸು ಹೀಗೇ ನೋಡ್ತಿದ್ದಳು.

ಸರಿ. ಫಲಿತಾಂಶ ಗೊತ್ತಿದ್ದ ಇನ್ನೊಬ್ಬಳು ನಾನೇ. ಹಾಬ್‌ಡೇ ಮೇಲೆ ನನಗೆ ಏನೂ ಸಿಟ್ಟಿರಲಿಲ್ಲ. ಅವನ ಶೆಡ್ಡು ಹತ್ತಿರ ಇತ್ತು, ಕಪ್ ಅಲ್ಲಿಟ್ಟೆ, ಅಷ್ಟೇ. ನಾಲ್ಕು ಮಾತು ಬೈದು ಬಿಡ್ತಾರೆ ಅಂದ್ಕೊಂಡೆ. ಆಡ್ರಿ ಒಂದು ಸಲ ಊರೆದುರಿಗೆ 'ನಮ್ಮಜ್ಜಿ ಕಂಡುಹಿಡಿದರು' ಅನ್ನಬೇಕಿತ್ತು. ಅಂದಳು ಕೂಡ.

ಮಾರನೇ ವಾರವೇ ದೊಡ್ಡಮನೆಯವರು ಅವನನ್ನ ಕೆಲಸದಿಂದ ತೆಗೆದರು. ಅವನಿದ್ದ ಮನೆಯೂ ಕೆಲಸದ ಜೊತೆ ಕೊಟ್ಟಿದ್ದು, ಅದನ್ನೂ ಬಿಡಿಸಿದರು. ಗಂಡ ಹೆಂಡತಿ ಈಗ ಸ್ವಿಂಡನ್ ಪಟ್ಟಣದಲ್ಲಿ ಅವಳ ಅಣ್ಣನ ಮನೆ ಹಿಂದಿನ ಕೋಣೆಯಲ್ಲಿದ್ದಾರೆ. ಅವನು ಯಾವುದೋ ಕಾರ್ಖಾನೆಯಲ್ಲಿ ನೆಲ ಗುಡಿಸ್ತಾನಂತೆ. ಅವರಪ್ಪನ ಕಾಲದಿಂದ ವರ್ಷವರ್ಷವೂ ತೆಗೆದಿಟ್ಟುಕೊಂಡು ಬಂದಿದ್ದ ಈರುಳ್ಳಿ ಬೀಜ ಇತ್ತು. ಹೋಗೋ ದಿನ ಅದನ್ನ ಒಲೆಗೆ ಸುರಿದು ಹೋದ. ಆ ತಳಿ ಇನ್ನು ಯಾರ ಹತ್ತಿರವೂ ಇಲ್ಲ.