ಹೆಚ್ಚಿಟ್ಟ ಬದನೆಕಾಯಿ

ಅಣ್ಣಿಗೇರಿ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ತಿರ್ಲಾಪುರದ ಇಬ್ಬರು ಹೆಂಗಸರು ಕೂತಿದ್ದರು. ಮೈಲಾರವ್ವ ಕೇಳಿದಳು:

“ಇಷ್ಟು ನೆಲ್ಲಿಕಾಯಿ ಯಾಕ ಮಾಬುಬಿ?”

“ಮಗಳು ನಾಜಮೀನಗ. ದಮ್ಮಿನವ್ರ ಪುಪ್ಪುಸ ಹೆಚ್ಚಿಟ್ಟ ಬದನಿಕಾಯಿ ಗಾಳಿಗೆ ಕಪ್ಪಾದಂಗ ಕೆಡತೈತಂತ. ಅದನ್ನ ತಡಿಯೂ ಶಕ್ತಿ ಮೈಯಾಗ ಕಡಿಮಿ ಇರತೈತಿ, ಹಣ್ಣು-ಕಾಯಿಪಲ್ಲೆ ತಿನ್ನಸ್ರಿ ಅಂದ್ರು ಡಾಕ್ಟರು. ಹುಳಿ ಹಿಂಡಿದ್ರ ಬದನಿಕಾಯಿ ಕಪ್ಪಾಗಂಗಿಲ್ಲಲ್ಲ? ಅದಕ್ಕ ಇದು.”

“ಬಾಯಾಗ ಇಟ್ಟು ಜಗ್ಗೂ ದಮ್ಮಿನ ಪಂಪ್ ಬಿಡಸ್ರಿ ಅಂದ್ರೇನು?”

“ಅವ್ರು ಅನ್ಲಿಲ್ಲ. ನಾನ ಬಿಡಿಸೀನಿ, ಮೂರು ದಿನ ಆತು. ಪಂಪಿನ ಚಟ ಹತ್ತಿದ್ರ ಹುಡುಗಿನ್ನ ಯಾರು ಲಗ್ನ ಮಾಡ್ಕೋತಾರ?”

“ನಾಜಮೀನ ಸುಮ್ನ ಬಿಟ್ಲೇನು?”

“ಕದ್ದು ಜಗ್ಗತಾಳಂತ ಪಂಪ್ ನನ್ನ ಚೀಲದಾಗ ಹಾಕ್ಕೊಂಡು ಬಂದೀನಿ.”

“ಈಗ ಆಕಿ ಎಲ್ಲಿ ಅದಾಳ?”

“ಕಾಕಾನ ಕಣದಾಗ. ಒಣಮೆಣಸಿನಕಾಯಿ ತೊಟ್ಟು ಮುರ್ಯಾಕ ಹೋಗ್ಯಾಳ.”

ಮೈಲಾರವ್ವ ಎದ್ದು ನಿಂತಳು.

“ಆ ಘಾಟಿನ್ಯಾಗ, ಪಂಪ್ ಇಲ್ದ? ಫೋನ್ ಹಚ್ಚವಾ, ಮೊದ್ಲ ಹಚ್ಚು.”

“ರಿಂಗ್ ಆಗಾಕತ್ತೈತಿ.”

“ಎತ್ತಿದ್ಲೇನು?”

“ಇಲ್ಲವಾ. ಎತ್ತವಲ್ಲಳು.”

“ಮತ್ತ ಹಚ್ಚು.”

“ಎತ್ತವಲ್ಲಳ ಮೈಲಾರವ್ವಾ.”

“ಬಸ್ಸಿಗೆ ಇನ್ನೂ ತಾಸು ಐತಿ. ಏಳು, ಆಟೋದಾಗ ಕಣಕ್ಕ ಹೋಗೂಣು.”

ಇಬ್ಬರೂ ರಸ್ತೆಯತ್ತ ಓಡಿದರು. ಮಾಬುಬಿಯ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಂಪು. ನೆಲ್ಲಿಕಾಯಿ ಬೆಂಚಿನ ಮೇಲೆಯೇ ಉಳಿದವು.