ವಾಸಿಯಾದ ಕೆಚ್ಚಲು

ಪಶು ಆಸ್ಪತ್ರೆಯ ಜಗಲಿಯಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಬಟ್ಟೆ ಹೊಲಿಯುವಾಕೆಯ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿದ್ದ ಅತ್ತೆ-ಸೊಸೆಗೆ ಡಾಕ್ಟರು ಆಗಷ್ಟೇ, ಹಸುವಿನ ಕೆಚ್ಚಲಿನ ಹುಣ್ಣು ಪೂರ್ತಿ ಒಣಗಿದೆ ಎಂದು ಹೇಳಿ ಒಳಗೆ ಹೋಗಿದ್ದರು.

“ನಾನು ಹತ್ರ ಹೋದ್ರೆ ಒದೀತಿತ್ತು. ನಿಂಗೆ ಹೇಗೇ ಸುಮ್ನೆ ನಿಲ್ತು?” ಎಂದಳು ಅತ್ತೆ.

“ಬೆಚ್ಚಗಿನ ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಮುಲಾಮು ಹಚ್ತಿದ್ದೆ. ಉಜ್ತಿರ್ಲಿಲ್ಲ.”

“ನಾನು ಉಜ್ತಿದ್ದೆ ಅಂತೀಯಾ?”

“ಹೂಂ ಅತ್ತೆ. ಸೀದ ಪಾತ್ರೆ ತಿಕ್ಕಿದ ಹಾಗೆ.”

ಹೊಲಿಯುವಾಕೆ ಉಸಿರು ಬಿಗಿಹಿಡಿದಳು. ಅತ್ತೆ ಗೊಳ್ಳೆಂದು ನಕ್ಕಳು.

“ಇದನ್ನ ಮಾರಿಬಿಡೋಣ ಅಂತ ನಾನು ಹಟ ಹಿಡಿದಿದ್ನಲ್ಲೇ!”

“ನೀವು ಹಿಡಿದ್ರಿ, ನಾನು ಬಿಡ್ಲಿಲ್ಲ.”

“ಒಳ್ಳೇದೇ ಆಯ್ತು ಬಿಡು. ಇವತ್ತು ನಾನೇ ಹಾಲು ಕರೀತೀನಿ. ನೀನು ಪಕ್ಕದಲ್ಲೇ ನಿಂತಿರು.”

“ನಿಂತು ಏನ್ಮಾಡ್ಲಿ?”

“ಒದೀಬೇಡ ಅಂತ ಹೇಳು. ನಿನ್ನ ಮಾತಾದ್ರೆ ಕೇಳುತ್ತೆ.”

ಸೊಸೆ ಅಂಗಳದ ಕಂಬಕ್ಕೆ ಕಟ್ಟಿದ್ದ ಹಸುವಿನ ಹಗ್ಗ ಬಿಚ್ಚಿದಳು. ಅದನ್ನು ನಡುವೆ ಬಿಟ್ಟುಕೊಂಡು ಇಬ್ಬರೂ ಗೇಟು ದಾಟಿದರು.