ಟೂಲೂಸಿನ ನೀಲಿಗೈಯವಳು

ಗಾಳಿಗೆ ಮರ ಬಿದ್ದು ಅಮೆರಿಕದ ಸಮಾಮಿಶ್‌ನಲ್ಲಿ ಕರೆಂಟು ಹೋಗಿದ್ದ ಮಳೆಯ ಸಂಜೆ, ಊಟಕ್ಕೆ ಬಂದವರೆಲ್ಲ ಸ್ವಪ್ನಾಳ ಮನೆಯ ಅಗ್ಗಿಷ್ಟಿಕೆಯ ಮುಂದೆ ಕೂಡಿದ್ದರು. ವಿಮಾನ ಕಂಪನಿಯ ಕೆಲಸದ ಮೇಲೆ ಫ್ರಾನ್ಸಿನ ಟೂಲೂಸಿಗೆ ಹೋಗಿ ಬಂದಿದ್ದ ಗಂಡ ವಿಜಯಕುಮಾರ ತಂದುಕೊಟ್ಟ ನೀಲಿ ಶಾಲನ್ನು ಹೊದ್ದೇ ಆಕೆ ಎಲ್ಲರನ್ನೂ ಬರಮಾಡಿಕೊಂಡಿದ್ದಳು. ಆದರೆ ಅವನ ಸಹೋದ್ಯೋಗಿ ಕೋಕಿಲಾ ತಾಯಿಯ ಕಾಲದ ನೀಲಿ ಇಳಕಲ್ ಸೀರೆಯುಟ್ಟು ಒಳಬಂದಾಗ, "ನೀಲಿ ಅಂದ್ರ ಇದು" ಎಂದುಬಿಟ್ಟಿದ್ದ. ಅನ್ನ ಬಡಿಸುವಾಗಲೂ ಸ್ವಪ್ನಾಳ ಕಿವಿಯಲ್ಲಿ ಅದೇ ಮಾತು.

"ಅಂಕಲ್, ನೀವೂ ಟೂಲೂಸಲ್ಲಿ ಇದ್ರಂತಲ್ಲ, ಏನಾದ್ರೂ ಹೇಳಿ" ಎಂದಳು ಕೋಕಿಲಾ. ವಿಜಯಕುಮಾರನ ಕಾಕಾ ಅಡಿವೆಪ್ಪನವರು, ಅದೇ ಕೆಲಸದಲ್ಲಿ ಮುದುಕರಾದವರು, ಬೆಂಕಿ ನೋಡುತ್ತ ಶುರುಮಾಡಿದರು.

"ಕೆಂಪು ಇಟ್ಟಂಗಿ ಊರವ್ವಾ ಅದು. ನೂರಾರು ವರ್ಷದ ಹಿಂದ, ಅಲ್ಲಿ ಒಂದು ಗಿಡದ ಎಲಿ ಅರದು, ಉಂಡಿ ಕಟ್ಟಿ, ಕೊಳಸಿ, ನೀಲಿ ಬಣ್ಣ ತಗೀತಿದ್ರು... ಅದನ್ನ ಮಾರಿದ ಸಾಹುಕಾರ್ರು ಗೋಪುರದ ಮನಿ ಕಟ್ಟಿಸಿದ್ರು, ಈಗೂ ನಿಂತಾವ. ಅಂಥಾ ಒಬ್ಬಾತನ ಹೆಂಡತಿ ತಾನ ಬಾನಿಯೊಳಗ ಕೈ ಹಾಕಿ ಬಣ್ಣ ಕಟ್ಟಾಕಿ. ಮೊಣಕೈ ತನಕ ನೀಲಿ... ಎಷ್ಟ ತೊಳದ್ರೂ ಹೋಗಂಗಿಲ್ಲ. ಅಷ್ಟರಾಗ ಹಡಗಿನ್ಯಾಗ ನಮ್ಮ ದೇಶದ ನೀಲಿ ಬಂತು. ಗಂಡ ಅದರಾಗ ಅದ್ದಿದ ಅರಬಿ ಬೆಳಕಿಗೆ ಹಿಡದು, ಹೆಂಡತಿ ಮುಂದನ ಏನಂದ ಗೊತ್ತೇನು? 'ನೀಲಿ ಅಂದ್ರ ಇದು' ಅಂದ."

"ಕಾಕಾ, ಕಲ್ಲು ನನ್ನ ಕಡೆನ ಬಂತಲ್ಲ" ಎಂದು ವಿಜಯಕುಮಾರ ನಕ್ಕ. ಸ್ವಪ್ನಾ ನಗಲಿಲ್ಲ.

"ಆಕಿ ಸತ್ತಳು. ಊರಿನ ನೀಲಿ ವ್ಯಾಪಾರನೂ ಮುಳುಗ್ತು. ಹೊಟ್ಟಿಕಿಚ್ಚು ಸಾಯ್ತದೇನು? ಆ ಊರಿನ ನೀಲಿ ಅರಬಿ ನಮ್ಮ ನೀಲಿಗೆ ತಗಲಿದ್ರ ಸಾಕು, ಆಕಿ ಬಂದು ಹೀರಿ ಬೆಳ್ಳಗ ಮಾಡ್ತಾಳಂತ..."

ಸ್ವಪ್ನಾ ಎದ್ದು ಶಾಲು ತೆಗೆದಳು. "ಚಳಿ ಅದ ಕೋಕಿಲಾ, ಹೊದ್ಕೊ."

"ಅಯ್ಯೋ, ನಿಮ್ಗೆ?"

"ನನಗ ಸೆಕೀನ ಆಗೇದ" ಎನ್ನುತ್ತ ಸ್ವಪ್ನಾ ಶಾಲನ್ನು ಆಕೆಯ ಹೆಗಲ ಮೇಲೆ ಹೊದಿಸಿ, ಎರಡೂ ಕೈಯಿಂದ ನೇವರಿಸಿ, ಒತ್ತಿದಳು.

ಅಡಿವೆಪ್ಪನವರ ದನಿ ಇಳಿಯಿತು. "ಒಂದು ಹೇಳೋದು ಉಳೀತು. ಶಾಲು ಬರೇ ಅರಬಿ. ಆಕಿಗೆ ಬೇಕಾದದ್ದು ಕೈ... ತನ್ನಂಗ ಉರಿಯೋ ಒಬ್ಬಾಕಿ ಕೈ."

ಸ್ವಪ್ನಾ ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಶಾಲು ಜಾರಿತು. ಕೋಕಿಲಾಳ ಸೀರೆಯ ಹೆಗಲಿನಲ್ಲಿ ಬೆರಳುಗಳಷ್ಟೇ ಅಗಲದ ಬಿಳಿ ಗೆರೆಗಳು. ಎಲ್ಲರೂ ಅದನ್ನೇ ಬಾಗಿ ನೋಡುತ್ತಿದ್ದಾಗ, ಸ್ವಪ್ನಾ ಅಡುಗೆಮನೆಯ ಕತ್ತಲಲ್ಲಿ ನಲ್ಲಿ ತಿರುಗಿಸಿ ಕೈಗಳನ್ನು ಮೊಣಕೈ ತನಕ ಉಜ್ಜುತ್ತಲೇ ಇದ್ದಳು.

ಬೆನ್ನ ಹಿಂದೆ ಅಡಿವೆಪ್ಪನವರು ಮೆಲ್ಲಗೆ ಹೇಳಿದರು:

"ಹೋಗಂಗಿಲ್ಲ ತಂಗಿ."